ಜಪಸರ ಹೇಳುವಾಗ ನಾನು ನೋಡುವುದು

"ಅಕ್ಕಾರ, ಅದ ಮಾತ ಎಷ್ಟ ಸಲ ಅಂತೀರಿ? ದೇವರಿಗೆ ಒಮ್ಮೆ ಹೇಳಿದ್ರ ಕೇಳಂಗಿಲ್ಲೇನ್ರೀ?"

ಹೀಗೆ ಕೇಳಿದವರು ನಮ್ಮ ಪಕ್ಕದ ಮನೆಯವರು. ಗೋವಾದ ವಾಸ್ಕೋದ ನಮ್ಮ ಓಣಿಯಲ್ಲಿ ಕನ್ನಡದ ಮನೆಗಳೇ ಜಾಸ್ತಿ. ಹೆಚ್ಚಿನವರು ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ ಕಡೆಯಿಂದ ಬಂದವರು. ನಾವು ಹಾಸನದವರು, ಕಥೋಲಿಕರು. ಬಾಗಲಕೋಟೆಯ ಈ ಮನೆಗೂ ನಮ್ಮ ಮನೆಗೂ ನಡುವಿನ ಗೋಡೆ ಒಂದೇ. ಸಂಜೆ ನಾವು ಜಪಸರ, ಅಂದರೆ ಮಣಿ ಎಣಿಸುತ್ತಾ ಮಾತೆ ಮರಿಯಮ್ಮನಿಗೆ ಹೇಳುವ ಪ್ರಾರ್ಥನೆ, ಹೇಳಿದರೆ ಅವರ ಅಡುಗೆಮನೆಗೆ ಅಷ್ಟೂ ಕೇಳುತ್ತದೆ.

ಅವರ ದನಿಯಲ್ಲಿ ಕೊಂಕಿರಲಿಲ್ಲ. ಅವರೂ ಬೆಳಿಗ್ಗೆ ಸ್ನಾನ ಮಾಡಿ ಇಷ್ಟಲಿಂಗ ಅಂಗೈಯಲ್ಲಿಟ್ಟುಕೊಂಡು ನಮಃ ಶಿವಾಯ ಹೇಳಿಕೊಳ್ಳುವವರು. ಜಪ ಅವರಿಗೆ ಹೊಸದಲ್ಲ. ಅವರಿಗೆ ಅರ್ಥವಾಗದೇ ಇದ್ದದ್ದು ಬೇರೆ. ನಮಃ ಶಿವಾಯ ಬರೀ ನಮಸ್ಕಾರ. ನಮ್ಮದರಲ್ಲಿ ಬೇಡಿಕೆಯೂ ಇದೆ, "ನಮಗಾಗಿ ಪ್ರಾರ್ಥಿಸಿರಿ" ಅಂತ. ಬೇಡಿಕೆಯನ್ನು ಐವತ್ತು ಸಲ ಯಾಕೆ ಹೇಳಬೇಕು? ಇದು ಅವರ ಪ್ರಶ್ನೆ.

ಒಳ್ಳೆಯ ಪ್ರಶ್ನೆ, ಅಲ್ವಾ? ಚರ್ಚಿಗೆ ತಪ್ಪದೆ ಹೋಗುವ ನಮ್ಮವರಲ್ಲೇ ಎಷ್ಟೋ ಜನ ಇದೇ ಪ್ರಶ್ನೆಯನ್ನು ಒಳಗಿಟ್ಟುಕೊಂಡು ಸುಮ್ನೆ ಮಣಿ ಸರಿಸುತ್ತಿರುತ್ತಾರೆ. ಯಾರನ್ನೂ ಕೇಳುವುದಿಲ್ಲ. ಅವರಿಗಾಗಿಯೂ ಇದನ್ನು ಬರೆಯುತ್ತಿದ್ದೇನೆ.

ಜಪಸರ ಹೇಗಿರುತ್ತದೆ ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಸಾಮಾನ್ಯವಾಗಿ ಸರದಲ್ಲಿ 59 ಮಣಿ ಇರುತ್ತವೆ. ತುದಿಯಲ್ಲಿ ಒಂದು ಶಿಲುಬೆ. ಶಿಲುಬೆ ಹಿಡಿದು ನಮ್ಮ ನಂಬಿಕೆಯ ಸಾರವಾದ ವಿಶ್ವಾಸ ಸಂಗ್ರಹ ಹೇಳುತ್ತೇವೆ. ಮೊದಲ ಮಣಿಗೆ "ಪರಲೋಕದಲ್ಲಿರುವ ನಮ್ಮ ತಂದೆಯೇ", ಆಮೇಲೆ ಮೂರು ನಮೋ ಮರಿಯಾ, ಅಂದರೆ ಮರಿಯಮ್ಮನಿಗೆ ಹೇಳುವ ಪ್ರಾರ್ಥನೆ. ಅಲ್ಲಿಂದ ಸುತ್ತು ಶುರು. ಹತ್ತು ಹತ್ತು ಮಣಿಗಳ ಐದು ಗುಂಪು, ಮಣಿಗೊಂದು ನಮೋ ಮರಿಯಾ. ಒಂದೊಂದು ಗುಂಪಿಗೂ ಒಂದು ರಹಸ್ಯ. ರಹಸ್ಯ ಅಂದರೆ ಯೇಸುಸ್ವಾಮಿಯ, ಮಾತೆ ಮರಿಯಮ್ಮನವರ ಬದುಕಿನ ಒಂದು ಘಟನೆ. ಸೋಮವಾರ ಮತ್ತು ಶನಿವಾರ ಸಂತೋಷದ ರಹಸ್ಯಗಳು. ಮಂಗಳವಾರ, ಶುಕ್ರವಾರ ದುಃಖದವು. ಬುಧವಾರ, ಭಾನುವಾರ ಮಹಿಮೆಯವು. ಗುರುವಾರ ಬೆಳಕಿನವು.

ಗೋಡೆಯಾಚೆಗೆ ಕೇಳುವುದು ನಮೋ ಮರಿಯಾ ಮಾತ್ರ. ರಹಸ್ಯ ಕೇಳುವುದಿಲ್ಲ. ಅದನ್ನು ಒಂದು ಸಲ ಹೆಸರು ಹೇಳಿ ಸುಮ್ಮನಾಗುತ್ತೇವೆ. ಉಳಿದದ್ದು ಮನಸ್ಸಿನೊಳಗೆ ನಡೆಯುತ್ತದೆ. ಜಪಸರದ ಮುಕ್ಕಾಲು ಪಾಲು ಅಲ್ಲೇ ಇದೆ.

ಬಾಯಿಗೆ ಒಂದು ಕೆಲಸ, ಬೆರಳಿಗೆ ಒಂದು ಕೆಲಸ. ಎರಡಕ್ಕೂ ಗೊತ್ತಿರುವ ಕೆಲಸವೇ ಕೊಟ್ಟಿರುವುದರಿಂದ ಮನಸ್ಸಿಗೆ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಅದು ಒಂದೇ ಘಟನೆಯನ್ನು ನೋಡುತ್ತಾ ಕೂರುತ್ತದೆ. ಹತ್ತು ನಮೋ ಮರಿಯಾ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ನಾನು ಇದನ್ನು ಹೇಳಿದಾಗ ಪಕ್ಕದ ಮನೆಯವರು ತಕ್ಷಣ ಹಿಡಿದುಕೊಂಡರು. "ಹಂಗಂದ್ರ ಬೀಸುಕಲ್ಲ ಪದ ಇದ್ದಂಗ ಆತಲ್ರೀ. ಕೈ ತಿರಗಸ್ತಿರ್ತದ, ಮನಸ್ಸ ಪದದಾಗ ಇರ್ತದ." ಅವರ ತಾಯಿ ಜೋಳ ಬೀಸುತ್ತಾ ಹಾಡುತ್ತಿದ್ದರಂತೆ. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಬೇಡಿಕೆಯ ವಿಷಯಕ್ಕೆ ಬರುತ್ತೇನೆ. ನಮೋ ಮರಿಯಾ ಪ್ರಾರ್ಥನೆಯಲ್ಲಿ ಎರಡು ಭಾಗ. ಮೊದಲ ಭಾಗ ಪೂರ್ತಿ ವಂದನೆ. ಗಬ್ರಿಯೇಲ ದೂತ ಮರಿಯಮ್ಮನಿಗೆ ಹೇಳಿದ್ದು, ಆಮೇಲೆ ಮರಿಯಮ್ಮನ ಬಂಧು ಎಲಿಜಬೇತಮ್ಮ ಹೇಳಿದ್ದು. ಎರಡೂ ಬೈಬಲ್‌ನ ಲೂಕನ ಶುಭಸಂದೇಶದಲ್ಲಿವೆ. ಬಹಳ ಕಾಲ ಪ್ರಾರ್ಥನೆ ಅಷ್ಟೇ ಇತ್ತು. ಯೇಸುವಿನ ಹೆಸರಿಗೆ ಬಂದು ನಿಲ್ಲುತ್ತಿತ್ತು. "ಪಾಪಿಗಳಾದ ನಮಗಾಗಿ" ಎಂಬ ಎರಡನೆಯ ಭಾಗ ನಿಧಾನಕ್ಕೆ ಸೇರಿಕೊಂಡಿದ್ದು. 1568ರಲ್ಲಿ ಪೋಪ್ ಐದನೆಯ ಪಿಯುಸ್ ಹೊರಡಿಸಿದ ಪ್ರಾರ್ಥನಾ ಗ್ರಂಥದಲ್ಲಿ ಅದು ಈಗಿನ ರೂಪಕ್ಕೆ ಬಂತು. ಹಾಗಾಗಿ ನಾವು ಐವತ್ತು ಸಲ ಮೊದಲು ಮಾಡುವುದು ವಂದನೆ. ಬೇಡುವುದು ಅದರ ಹಿಂದೆ ಬರುತ್ತದೆ. ನಡುವೆ ನಿಂತಿರುವುದು ಯೇಸು ಎಂಬ ಹೆಸರು.

ಇನ್ನೂ ಹಿಂದಕ್ಕೆ ಹೋದರೆ ನನಗೆ ತುಂಬಾ ಇಷ್ಟವಾದ ಚರಿತ್ರೆ ಸಿಗುತ್ತದೆ. ಮಠಗಳಲ್ಲಿ ಸನ್ಯಾಸಿಗಳು ಬೈಬಲ್‌ನ 150 ಕೀರ್ತನೆಗಳನ್ನು ಹಾಡುತ್ತಿದ್ದರು. ಓದಲು ಬಾರದ ಜನರಿಗೆ ಅದು ಆಗುತ್ತಿರಲಿಲ್ಲ. ಅವರು ಅದರ ಬದಲು 150 ಸಲ "ಪರಲೋಕದಲ್ಲಿರುವ ನಮ್ಮ ತಂದೆಯೇ" ಹೇಳಿದರು. ಎಣಿಸಲು ದಾರಕ್ಕೆ ಮಣಿ ಪೋಣಿಸಿಕೊಂಡರು. ನಮೋ ಮರಿಯಾ ಆ ಮಣಿಗಳ ಮೇಲೆ ಆಮೇಲೆ ಬಂತು. ಅಕ್ಷರ ಬಾರದವರು ತಮಗಾಗಿ ಮಾಡಿಕೊಂಡ ಕೀರ್ತನೆ ಪುಸ್ತಕ ಇದು. ನಮ್ಮ ಅತ್ತೆಗೆ ಸಹಿ ಹಾಕುವಷ್ಟು ಮಾತ್ರ ಬರೆಯಲು ಬರುತ್ತದೆ. ಆದರೆ ಇಪ್ಪತ್ತೂ ರಹಸ್ಯ ಬಾಯಲ್ಲಿವೆ. ಒಂದೊಂದಕ್ಕೂ ಬೇಕಾದ ಕಥೆಯೂ ಇದೆ.

ಧ್ಯಾನ ಈಚೆಗೆ ಯಾರೋ ಅಂಟಿಸಿದ್ದು ಎಂದುಕೊಳ್ಳಬೇಡಿ. 15ನೆಯ ಶತಮಾನದ ಶುರುವಿನಲ್ಲಿ ಜರ್ಮನಿಯ ಟ್ರಿಯರ್ ಊರಿನ ಮಠದಲ್ಲಿ ಪ್ರಷ್ಯಾದ ಡೊಮಿನಿಕ್ ಎಂಬ ಸನ್ಯಾಸಿ ಇದ್ದರು. ಅವರು 50 ನಮೋ ಮರಿಯಾಗಳಿಗೆ ಯೇಸುವಿನ ಬದುಕಿನಿಂದ 50 ಪುಟ್ಟ ವಾಕ್ಯ ಜೋಡಿಸಿದರು. ಪ್ರತಿ ಸಲ ಯೇಸುವಿನ ಹೆಸರು ಬಂದ ಕೂಡಲೇ ಒಂದು ವಾಕ್ಯ. ಹುಟ್ಟಿನಿಂದ ಹಿಡಿದು ಕೊನೆಯವರೆಗೆ. ಐವತ್ತು ವಾಕ್ಯ ನೆನಪಿಡುವುದು ಜನರಿಗೆ ಕಷ್ಟ. ನಿಧಾನಕ್ಕೆ ಅದು ಹದಿನೈದು ರಹಸ್ಯಗಳಿಗೆ ಇಳಿಯಿತು. 1569ರಲ್ಲಿ ಅದೇ ಐದನೆಯ ಪಿಯುಸ್ ಜಪಸರದ ಕ್ರಮಕ್ಕೆ ಅಧಿಕೃತ ಮುದ್ರೆ ಹಾಕಿದರು. ಬೆಳಕಿನ ಐದು ರಹಸ್ಯಗಳನ್ನು ಪೋಪ್ ಎರಡನೆಯ ಜಾನ್ ಪೌಲ್ 2002ರ ಅಕ್ಟೋಬರ್ 16ರ ಪತ್ರದಲ್ಲಿ ಸೇರಿಸಿದರು. ನಮ್ಮ ಅತ್ತೆ ಆಗಲೇ ವಯಸ್ಸಾದವರು, ಆದರೂ ಕಲಿತುಕೊಂಡರು.

ಆ 2002ರ ಪತ್ರದಲ್ಲಿ ಜಾನ್ ಪೌಲ್ ಒಂದು ಮಾತು ಹೇಳುತ್ತಾರೆ. ನಮೋ ಮರಿಯಾದ ಎರಡು ಭಾಗಗಳನ್ನು ಹಿಡಿದಿಟ್ಟಿರುವುದು ಯೇಸುವಿನ ಹೆಸರು, ಅವಸರದಲ್ಲಿ ಅದನ್ನು ದಾಟಿಬಿಡಬೇಡಿ ಎಂದು. ಕೆಲವು ಕಡೆ ಆ ಹೆಸರಿನ ಜೊತೆ ರಹಸ್ಯಕ್ಕೆ ಸೇರಿದ ಒಂದು ತುಣುಕು ಹೇಳುವ ಪದ್ಧತಿ ಇದೆ, ಅದು ಒಳ್ಳೆಯದು ಎನ್ನುತ್ತಾರೆ. ಹಳೆಯ ಡೊಮಿನಿಕ್ ಮಾಡಿದ್ದೂ ಅದೇ ಅಲ್ವಾ. ನಮ್ಮ ಮನೆಯಲ್ಲಿ ನಾವೂ ಹಾಗೆ ಶುರು ಮಾಡಿದೆವು. ದುಃಖದ ರಹಸ್ಯಕ್ಕೆ "ನಮಗಾಗಿ ಮುಳ್ಳಿನ ಕಿರೀಟ ಹೊತ್ತ ಯೇಸು". ಎಲಿಜಬೇತಮ್ಮನ ಭೇಟಿಗೆ "ತಾಯಿಯ ಹೊಟ್ಟೆಯಲ್ಲಿದ್ದುಕೊಂಡೇ ಬೆಟ್ಟದ ಊರಿಗೆ ಹೋದ ಯೇಸು". ಹತ್ತು ಸಲವೂ ಅದೇ ತುಣುಕು. ಮನಸ್ಸು ಎಲ್ಲೋ ಹೋಗಿದ್ದರೂ ಆ ತುಣುಕು ಬಂದಾಗ ವಾಪಸ್ ಬರುತ್ತದೆ. ಜಪಸರ ಬಾಯಿಪಾಠ ಆಗಿಬಿಟ್ಟಿದೆ ಎನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಒಂದು ವಾರ ಮಾಡಿ ನೋಡಿ.

ಈಗ ನಾನು ಏನು ನೋಡುತ್ತೇನೆ ಎಂದು ಹೇಳಬೇಕು.

ಎಲಿಜಬೇತಮ್ಮನ ಭೇಟಿ ನನಗೆ ಬಹಳ ಹತ್ತಿರದ ರಹಸ್ಯ. ಮರಿಯಮ್ಮ ಅವಸರದಿಂದ ಬೆಟ್ಟದ ಸೀಮೆಗೆ ಹೊರಟರು ಎಂದು ಲೂಕ ಬರೆಯುತ್ತಾನೆ. ನಜರೇತಿನಿಂದ ಯೂದಾಯದ ಬೆಟ್ಟಗಳಿಗೆ ನೂರು ಕಿಲೋಮೀಟರಿಗೂ ಜಾಸ್ತಿ ದೂರ. ಎಲಿಜಬೇತಮ್ಮನಿಗೆ ಆಗ ಆರು ತಿಂಗಳು. ಮರಿಯಮ್ಮ ಅಲ್ಲಿ ಸುಮಾರು ಮೂರು ತಿಂಗಳು ಇದ್ದರು. ಲೆಕ್ಕ ಹಾಕಿದರೆ ದಿನ ತುಂಬುವವರೆಗೆ ಎಂದಾಯಿತು. ವಾಸ್ಕೋದಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಹೆರಿಗೆ ಹತ್ತಿರ ಬಂದರೆ ಊರಿಂದ ತಾಯಿ ಬರುತ್ತಾರೆ. ಲೋಂಡಾ ದಾಟಿ ಘಟ್ಟ ಇಳಿಯುವ ರೈಲಿನಲ್ಲಿ, ಕೈಚೀಲದಲ್ಲಿ ಅಂಟಿನುಂಡೆ, ಕೊಬ್ಬರಿ, ಹಳೆಯ ಮೆತ್ತನೆ ಸೀರೆಗಳು. ಲೂಕನ ಕಥೆಯಲ್ಲಿ ಬಾಣಂತನಕ್ಕೆ ಹೊರಟವರು ಚಿಕ್ಕವರು. ವಯಸ್ಸಾದವರು ಬಸುರಿ. ಹೊರಟವರೂ ಬಸುರಿ. ಆ ಮೂರು ತಿಂಗಳು ಮರಿಯಮ್ಮ ಏನು ಮಾಡಿದರು ಎಂದು ಶುಭಸಂದೇಶ ಹೇಳುವುದಿಲ್ಲ. ಹತ್ತು ಮಣಿಗಳಲ್ಲಿ ನಾನು ಅದನ್ನು ನೋಡುತ್ತೇನೆ. ನೀರು ಹೊತ್ತಿರಬೇಕು. ಹಿಟ್ಟು ನಾದಿರಬೇಕು. ಎಲಿಜಬೇತಮ್ಮನ ಊದಿದ ಕಾಲು ಒತ್ತಿರಬೇಕು. ಗಂಡ ಜಕರಿಯನಿಗೆ ಆಗ ಮಾತೇ ನಿಂತುಹೋಗಿತ್ತು. ಮಾತಿಲ್ಲದ ಗಂಡಸು, ಇಬ್ಬರು ಬಸುರಿ ಹೆಂಗಸರು, ಒಂದು ಮನೆ. ಹಾಗೆ ನೋಡುತ್ತಿರುವಾಗ ನಮೋ ಮರಿಯಾ ಎಂಬ ಮಾತು ಆ ಮನೆಯ ಬಾಗಿಲಲ್ಲಿ ನಿಂತು ಹೇಳಿದ ಹಾಗಾಗುತ್ತದೆ. ಯಾಕೆಂದರೆ ಅದರ ಅರ್ಧ ಮಾತು ಹುಟ್ಟಿದ್ದೇ ಆ ಬಾಗಿಲಲ್ಲಿ, ಎಲಿಜಬೇತಮ್ಮನ ಬಾಯಲ್ಲಿ.

ದುಃಖದ ನಾಲ್ಕನೆಯದು ಯೇಸು ಶಿಲುಬೆ ಹೊತ್ತು ನಡೆದದ್ದು. ಇಲ್ಲಿ ನಾನು ಸಿರೇನ್ ಊರಿನ ಸೀಮೋನನನ್ನು ನೋಡುತ್ತೇನೆ. ಅವನು ಎಲ್ಲಿಂದಲೋ ಬಂದವನು. ಸಿರೇನ್ ಈಗಿನ ಲಿಬಿಯಾದಲ್ಲಿದೆ. ಹೊಲದ ಕಡೆಯಿಂದ ಬರುತ್ತಿದ್ದ. ಸೈನಿಕರು ಹಿಡಿದು ಶಿಲುಬೆ ಹೊರಿಸಿದರು. ಅವನನ್ನು ಯಾರೂ ಕೇಳಲಿಲ್ಲ. ನಮ್ಮ ಊರುಗಳಿಂದ ಬಂದ ಎಷ್ಟು ಜನ ಇಲ್ಲಿ ಬಂದರಿನಲ್ಲಿ, ಕಟ್ಟಡದ ಕೆಲಸದಲ್ಲಿ ಬೇರೆಯವರ ಭಾರ ಹೊತ್ತಿದ್ದಾರೆ! ಮೇಸ್ತ್ರಿ ಕರೆಯುವುದು "ಏ" ಎಂದು ಮಾತ್ರ. ಆದರೆ ಶುಭಸಂದೇಶ ಬರೆದ ಮಾರ್ಕ ಏನು ಮಾಡಿದ ನೋಡಿ. ಸೀಮೋನನ ಹೆಸರು ಬರೆದ. ಅವನ ಊರು ಬರೆದ. ಅವನ ಇಬ್ಬರು ಮಕ್ಕಳು ಅಲೆಕ್ಸಾಂಡರ್, ರೂಫನ ಹೆಸರನ್ನೂ ಬರೆದ. ಆ ದಾರಿಯಲ್ಲಿದ್ದ ಸೈನಿಕರ ಹೆಸರು ಯಾವುದೂ ಉಳಿದಿಲ್ಲ. ಹೊತ್ತವನದ್ದು ಉಳಿದಿದೆ, ಮಕ್ಕಳ ಸಮೇತ. ಈ ಹತ್ತು ಮಣಿಯಲ್ಲಿ ನನಗೆ ಗೊತ್ತಿರುವವರ ಹೆಸರುಗಳು ಬರುತ್ತವೆ. ಮಣಿಗೆ ಒಂದರಂತೆ ಹೇಳಿಕೊಳ್ಳುತ್ತೇನೆ. ಹತ್ತು ಸಾಲುವುದಿಲ್ಲ.

ಎಲ್ಲ ರಹಸ್ಯಗಳೂ ಹೀಗೆ ತೆರೆದುಕೊಳ್ಳುವುದಿಲ್ಲ. ಕಾನಾ ಊರಿನ ಮದುವೆ ಸುಲಭ. ಆರು ಕಲ್ಲಿನ ಬಾನಿ, ಕಂಠದವರೆಗೆ ನೀರು ತುಂಬಿದ ಆಳುಗಳು, ದ್ರಾಕ್ಷಾರಸ ಮುಗಿದಿದ್ದನ್ನು ಮೊದಲು ಗಮನಿಸಿದ ತಾಯಿ. ಕಾಣೆಯಾಗಿದ್ದ ಮಗ ದೇವಾಲಯದಲ್ಲಿ ಸಿಕ್ಕಿದ್ದೂ ಮಕ್ಕಳಿರುವ ಯಾರಿಗಾದರೂ ಕಾಣುತ್ತದೆ. ಮಹಿಮೆಯ ಕೊನೆಯ ಎರಡು ನನಗೆ ಕಷ್ಟ. ಮರಿಯಮ್ಮ ಸ್ವರ್ಗಕ್ಕೆ ಏರಿದ್ದು, ಅಲ್ಲಿ ಅವರಿಗೆ ಕಿರೀಟ ಇಟ್ಟಿದ್ದು. ಶುಭಸಂದೇಶದಲ್ಲಿ ಅವುಗಳ ದೃಶ್ಯ ಇಲ್ಲ. ಅಲ್ಲಿ ನಾನು ಏನನ್ನೂ ಕಟ್ಟಿಕೊಳ್ಳಲು ಹೋಗುವುದಿಲ್ಲ. ಮಾತಿನ ಜೊತೆ ಕೂತಿರುತ್ತೇನೆ, ಅಷ್ಟೇ. ಅದೂ ಪ್ರಾರ್ಥನೆಯೇ ಎಂದು ನನ್ನ ನಂಬಿಕೆ.

ಇಷ್ಟೆಲ್ಲ ನೋಡಬೇಕಾದರೆ ಹೊತ್ತು ಬೇಕು. ನನಗೆ ಬೇಜಾರಿರುವುದು ಇಲ್ಲೇ. ಜಪಸರ ಓಡಿಸುವವರು ತುಂಬಾ ಜನ. ಮುಂದೆ ಹೇಳುವವರು ಯೇಸುವಿನ ಹೆಸರಿಗೆ ಬರುವ ಮೊದಲೇ ಉತ್ತರ ಹೇಳುವವರು ಶುರು ಮಾಡಿರುತ್ತಾರೆ. ಎರಡೂ ಒಂದರ ಮೇಲೊಂದು ಬಿದ್ದು ಆ ಹೆಸರೇ ಕೇಳುವುದಿಲ್ಲ. ರಹಸ್ಯ ಹೇಳಿದ ಮೇಲೆ ಒಂದು ಉಸಿರಿನಷ್ಟೂ ಬಿಡುವಿಲ್ಲ. ಪೋಪ್ ಆರನೆಯ ಪೌಲ್ 1974ರಲ್ಲೇ ಎಚ್ಚರಿಕೆ ಕೊಟ್ಟಿದ್ದರು. ಧ್ಯಾನವಿಲ್ಲದ ಜಪಸರ ಆತ್ಮವಿಲ್ಲದ ದೇಹ, ಯಂತ್ರದ ಹಾಗೆ ಹೇಳುವ ಅಪಾಯ ಇದೆ ಎಂದು. ನಿಧಾನವಾದ ಲಯ ಜಪಸರದ ಸ್ವಭಾವವೇ ಎಂದೂ ಹೇಳಿದ್ದರು. ನಮ್ಮ ಅತ್ತೆ ಇದನ್ನು ಓದಿದವರಲ್ಲ. ಆದರೆ ಮಕ್ಕಳು ಓಡಿದರೆ ಸರ ಕೆಳಗಿಡುತ್ತಾರೆ. "ಓಡಿಸ್ಬೇಡ್ರೋ, ಮಾತೆ ಎಲ್ಗೂ ಹೋಗಲ್ಲ" ಅನ್ನುತ್ತಾರೆ. ಸಮಯ ಇಲ್ಲದಿದ್ದರೆ ಒಂದೇ ರಹಸ್ಯ ಹೇಳೋಣ, ಐದನ್ನೂ ತಳ್ಳುವುದು ಬೇಡ ಎನ್ನುವುದು ಅವರ ನಿಯಮ. ನನಗೂ ಅದೇ ಸರಿ ಅನಿಸುತ್ತದೆ.

ನಿಧಾನ ಹೇಳಿದರೆ ಮೈಯಲ್ಲೂ ಏನೋ ಆಗುತ್ತದೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಟಲಿಯ ವೈದ್ಯರ ಒಂದು ಅಧ್ಯಯನ ಬಂದಿತ್ತು. 23 ಆರೋಗ್ಯವಂತರಿಂದ ಲ್ಯಾಟಿನ್ ನಮೋ ಮರಿಯಾ ಹೇಳಿಸಿದರು, ಬೌದ್ಧರ ಓಂ ಮಣಿ ಪದ್ಮೇ ಹೂಂ ಕೂಡ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಹೃದಯದ ಲಯವೂ ಅದಕ್ಕೆ ಹೊಂದಿಕೊಂಡಿತು. ಪಕ್ಕದ ಮನೆಯವರಿಗೆ ಈ ವಿಷಯ ಹೇಳಿದಾಗ ಅವರಿಗೆ ಬಹಳ ಖುಷಿಯಾಯಿತು. ನನಗೂ ಆಯಿತು. ಆದರೆ ಜಪಸರ ಬಿಪಿಗೆ ಒಳ್ಳೆಯದು ಅಂತ ಯಾರಿಗೂ ಹೇಳುವುದಿಲ್ಲ. ಉಸಿರು ನಿಧಾನವಾಗುವುದು ಕೂತು ನೋಡುವುದಕ್ಕೆ. ನೋಡುವುದು ಯೇಸುವನ್ನು.

ಅಕ್ಟೋಬರ್ ಬಂದರೆ ಗೋವಾದಲ್ಲಿ ಜಪಸರ ಮನೆಯಿಂದ ಬೀದಿಗೆ ಬರುತ್ತದೆ. 1883ರಲ್ಲಿ ಪೋಪ್ ಹದಿಮೂರನೆಯ ಲಿಯೋ ಇಡೀ ತಿಂಗಳನ್ನು ಜಪಸರಕ್ಕೆ ಮೀಸಲಿಟ್ಟರು. ಇಲ್ಲಿ ಪ್ರತಿ ವಾಡೊದಲ್ಲೂ, ಅಂದರೆ ಕೇರಿಯಲ್ಲೂ, ಒಂದು ಶಿಲುಬೆ ಕಟ್ಟೆ ಇರುತ್ತದೆ. ಮೇಣದಬತ್ತಿ ಹಚ್ಚಿ, ಚೆಂಡುಹೂವಿನ ಹಾರ ಹಾಕಿ ಅಲ್ಲಿ ಸೇರುತ್ತಾರೆ. ಜಪಸರವನ್ನು ಇಲ್ಲಿ ತೇರ್ಸ್ ಎಂದು ಕರೆಯುತ್ತಾರೆ. ಕೊಂಕಣಿಯಲ್ಲಿ "ನೊಮಾನ್ ಮೊರಿಯೆ" ಎಂದು ಒಬ್ಬರು ಶುರು ಮಾಡಿದರೆ ಉಳಿದವರು ಮುಗಿಸುತ್ತಾರೆ. ಕೆಲವು ವಾಡೊಗಳಲ್ಲಿ ಸಾಯ್ಬಿಣ್ ಮನೆಮನೆಗೆ ಬರುತ್ತಾಳೆ. ಮರಿಯಮ್ಮನ ಪ್ರತಿಮೆಯನ್ನು ಹಾಡುತ್ತಾ ಒಂದು ಮನೆಯಿಂದ ಇನ್ನೊಂದು ಮನೆಗೆ ಒಯ್ಯುತ್ತಾರೆ. ರಾತ್ರಿ ಆ ಮನೆಯಲ್ಲೇ ಇರುತ್ತಾಳೆ. ಎಲ್ಲರೂ ಸೇರಿ ತೇರ್ಸ್ ಹೇಳಿ, ಲದಿನ್, ಅಂದರೆ ಮರಿಯಮ್ಮನ ಹೆಸರುಗಳನ್ನು ಒಂದೊಂದಾಗಿ ಕರೆಯುವ ಪ್ರಾರ್ಥನೆ, ಹಾಡುತ್ತಾರೆ. ಆಮೇಲೆ ಬೇಯಿಸಿದ ಕಡಲೆಯ ಚೊಣೆ ಹಂಚುತ್ತಾರೆ. ಬಾಡಿಗೆ ಮನೆಯ ಕನ್ನಡದವರ ಬಾಗಿಲಿಗೂ ಸಾಯ್ಬಿಣ್ ಬಂದಾಗ ಆಗುವ ಸಂತೋಷ ಎಂಥದ್ದು ಎಂದು ಹೊರಗಿನಿಂದ ಬಂದು ಬದುಕಿದವರಿಗೇ ಗೊತ್ತು.

ಅಕ್ಟೋಬರ್ 7 ಜಪಸರ ಮಾತೆಯ ಹಬ್ಬ. ಅದರ ಹಿಂದೆ ಒಂದು ಯುದ್ಧ ಇದೆ. 1571ರ ಅದೇ ದಿನ ಲೆಪಾಂಟೊದಲ್ಲಿ ನಡೆದ ಸಮುದ್ರ ಯುದ್ಧದಲ್ಲಿ ತುರ್ಕರ ನೌಕಾಪಡೆ ಸೋತಿತು. ರೋಮಿನಲ್ಲಿ ಜನ ಜಪಸರ ಹೇಳಿದ್ದರಿಂದ ಗೆದ್ದೆವು ಎಂದು ಕೊಂಡಾಡಿದರು. ಪ್ರವಚನಗಳಲ್ಲಿ ಈ ಕಥೆ ಪ್ರತಿ ವರ್ಷ ಬರುತ್ತದೆ. ಚರಿತ್ರೆ ಅಲ್ಲಗಳೆಯಲಾಗದು. ಆದರೆ ಜಪಸರವನ್ನು ನೆನೆಯಲು ನನಗೆ ಯುದ್ಧ ಬೇಡ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ ಬೇರೊಂದು ಕಥೆ ಇದೆ.

ವಾಸ್ಕೋದಿಂದ ಪಣಜಿ ಕಡೆ ಹೋಗುವಾಗ ಸಾಂಕ್ವಾಳ ಸಿಗುತ್ತದೆ. ಜುವಾರಿ ನದಿಯ ಬದಿಗೆ ಆರೋಗ್ಯ ಮಾತೆಯ ಹಳೆಯ ಚರ್ಚಿನ ಮುಖಗೋಡೆ ಒಂದೇ ನಿಂತಿದೆ. ಉಳಿದದ್ದು ಬೆಂಕಿಗೆ ಹೋಯಿತು. 1677ರ ಆಗಸ್ಟ್ 5ರಂದು ಜೋಸೆಫ್ ವಾಜ್ ಎಂಬ ಯುವ ಗುರು (ಪಾದ್ರಿ) ಈ ಚರ್ಚಿನಲ್ಲಿ ಮರಿಯಮ್ಮನ ಸೇವಕನಾಗಿರುತ್ತೇನೆ ಎಂದು ಪತ್ರ ಬರೆದು ಸಹಿ ಹಾಕಿದರು. ಅವರು 1651ರಲ್ಲಿ ಬೆನಾವ್ಲಿಯಲ್ಲಿ ಹುಟ್ಟಿದವರು. ಸಾಂಕ್ವಾಳ ಅವರ ಕುಟುಂಬದ ಊರು. 1681ರಲ್ಲಿ ನಮ್ಮ ಕೆನರಾ ಕರಾವಳಿಗೆ ಬಂದರು. ಮಂಗಳೂರು, ಬಸ್ರೂರು, ಕುಂದಾಪುರ, ಕಲ್ಯಾಣಪುರ, ಎಲ್ಲ ಕಡೆ ನಡೆದು ಚದುರಿದ ಕ್ರೈಸ್ತರನ್ನು ಕೂಡಿಸಿದರು.

1687ರಲ್ಲಿ ಶ್ರೀಲಂಕಾಕ್ಕೆ ಹೋದರು. ಆಗ ಅಲ್ಲಿನ ಕರಾವಳಿ ಡಚ್ಚರ ಕೈಯಲ್ಲಿತ್ತು. ಕಥೋಲಿಕ ಗುರುಗಳಿಗೆ ಪ್ರವೇಶವೇ ಇರಲಿಲ್ಲ. ವಾಜ್ ಕೂಲಿಯವನ ವೇಷದಲ್ಲಿ ಇಳಿದರು. ಕಾಯಿಲೆ ಬಿದ್ದು ನರಳಿದರು. ಜಾಫ್ನಾದಲ್ಲಿ ಯಾರು ತಮ್ಮವರು ಎಂದು ಕೇಳುವಂತಿರಲಿಲ್ಲ. ಕೇಳಿದರೆ ಸಿಕ್ಕಿಬೀಳುತ್ತಿದ್ದರು. ಅವರು ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆ ಭಿಕ್ಷೆಗೆ ಹೊರಟರು. ಸರ ಕಂಡು ಯಾರ ಮುಖ ಬದಲಾಗುತ್ತದೆ ಎಂದು ನೋಡುತ್ತಾ ಹೋದರು. ಗುರುಗಳಿಲ್ಲದೆ, ಬಲಿಪೂಜೆ ಇಲ್ಲದೆ ಮನೆಯೊಳಗೆ ನಂಬಿಕೆ ಉಳಿಸಿಕೊಂಡಿದ್ದವರು ಆ ಮಣಿಗಳನ್ನು ಗುರುತು ಹಿಡಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ವಾಜ್ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ನನಗೆ ಲೆಪಾಂಟೊದ ಹಡಗುಗಳಿಗಿಂತ ಆ ಭಿಕ್ಷುಕನ ಕೊರಳಿನ ಸರ ದೊಡ್ಡದು. ಪುಸ್ತಕ ಇಲ್ಲದಿದ್ದರೂ, ಚರ್ಚು ಇಲ್ಲದಿದ್ದರೂ, ಗುರುಗಳಿಲ್ಲದಿದ್ದರೂ ಅದು ನಡೆಯುತ್ತದೆ. ಹಾಸನದ ಬಳಿ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ ಜಪಸರ ಮಾತೆಯ ಚರ್ಚು ಇದೆ. ಗೊರೂರಿನ ಅಣೆಕಟ್ಟಿನಿಂದ ಹೇಮಾವತಿ ನೀರು ಒಳಗೆ ಬಂತು, ಊರು ಖಾಲಿಯಾಯಿತು. ಈಗ ಮಳೆಗಾಲದಲ್ಲಿ ಅರ್ಧ ಮುಳುಗುವ ಆ ಗೋಡೆಗಳ ಫೋಟೊ ತೆಗೆಯಲು ದೂರದಿಂದ ಜನ ಬರುತ್ತಾರೆ. ನಮ್ಮ ಅತ್ತೆಯ ಕಡೆಯವರು ಅಲ್ಲಿಂದ ಎದ್ದು ಬಂದವರು. ಹೊಸ ಜಾಗದಲ್ಲಿ ಅವರು ಮೊದಲು ಮಾಡಿದ ಪ್ರಾರ್ಥನೆ ಜಪಸರವೇ. ಇನ್ನೇನು ಮಾಡಲು ಸಾಧ್ಯವಿತ್ತು?

ಮನಸ್ಸು ಓಡುವ ಬಗ್ಗೆ ಒಂದು ಮಾತು ಹೇಳದಿದ್ದರೆ ಆಗದು. ಎಷ್ಟೇ ನಿಧಾನ ಹೇಳಿದರೂ ಕೆಲವು ದಿನ ಮನಸ್ಸು ನಿಲ್ಲುವುದಿಲ್ಲ. ಗ್ಯಾಸ್ ಸಿಲಿಂಡರ್, ಮಗಳ ಫೀಸು, ನಾಳೆಯ ನೀರು. ಇದಕ್ಕೆ ಹೆದರಿ ಜಪಸರ ಬಿಟ್ಟವರನ್ನು ನೋಡಿದ್ದೇನೆ. ಅವರಿಗೆ ಬಾಲಯೇಸುವಿನ ಸಂತ ತೆರೇಸಾರ ಮಾತು ಹೇಳಬೇಕು. 24ನೇ ವಯಸ್ಸಿಗೆ ತೀರಿಕೊಂಡ ಈ ಫ್ರೆಂಚ್ ಸನ್ಯಾಸಿನಿ ಜಪಸರ ತನಗೆ ತುಂಬಾ ಕಷ್ಟ, ರಹಸ್ಯಗಳ ಮೇಲೆ ಮನಸ್ಸು ನಿಲ್ಲುವುದೇ ಇಲ್ಲ ಎಂದು ಬರೆದಿದ್ದಾರೆ. ಬಹಳ ದಿನ ಅದಕ್ಕಾಗಿ ಕೊರಗಿದರಂತೆ. ಕೊನೆಗೆ, ತಾಯಿಗೆ ನನ್ನ ಒಳ್ಳೆಯ ಮನಸ್ಸು ಕಾಣುತ್ತದೆ, ಅಷ್ಟು ಸಾಕು ಎಂದು ಸಮಾಧಾನ ತಂದುಕೊಂಡರು. ಸಂತರಿಗೇ ಹೀಗಾದರೆ ನಮ್ಮದೇನು. ದುಃಖದ ಮೊದಲ ರಹಸ್ಯದಲ್ಲಿ ಶಿಷ್ಯರು ತೋಟದಲ್ಲಿ ನಿದ್ದೆ ಹೋಗಿದ್ದಾರೆ. ಯೇಸು ಬಂದು ಎಬ್ಬಿಸುತ್ತಾರೆ, ಹೋಗಿ ಮತ್ತೆ ಬರುತ್ತಾರೆ. ಅವರನ್ನು ಬಿಟ್ಟು ಬೇರೆ ಶಿಷ್ಯರನ್ನು ಹುಡುಕಲಿಲ್ಲ.

ಜಪಸರ ಮುಗಿದ ಮೇಲೆ ಹೇಳುವ ಮರಿಯಮ್ಮನ ಲಿಟನಿಯಲ್ಲಿ, ಅಂದರೆ ಅವರ ಹೆಸರುಗಳ ಮಾಲೆಯಲ್ಲಿ, 2020ರ ಜೂನ್ 20ರಂದು ಪೋಪ್ ಫ್ರಾನ್ಸಿಸ್ ಮೂರು ಹೊಸ ಹೆಸರು ಸೇರಿಸಿದರು. ಕರುಣೆಯ ತಾಯಿ, ಭರವಸೆಯ ತಾಯಿ, ವಲಸೆ ಬಂದವರ ಸಾಂತ್ವನ. ಆ ಮೂರನೆಯದು ನಮ್ಮ ಓಣಿಗೆ ಬಂದ ಹೊತ್ತು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಲಾಕ್‌ಡೌನ್ ಕಾಲ. ಕೆಲಸ ನಿಂತು ಊರಿಗೆ ಹೊರಟವರ ಮೂಟೆಗಳನ್ನು, ಹೆಗಲ ಮೇಲಿನ ಮಕ್ಕಳನ್ನು ಕಣ್ಣಾರೆ ನೋಡಿ ಕೂತಿದ್ದೆವು. "ಪಾಪಿಗಳ ಆಶ್ರಯವೇ" ಎಂದ ಕೂಡಲೇ "ವಲಸಿಗರ ಸಾಂತ್ವನವೇ" ಎಂದು ಬರುತ್ತದೆ. "ನಮಗಾಗಿ ಪ್ರಾರ್ಥಿಸಿರಿ" ಎಂದು ಅತ್ತೆ ಉತ್ತರ ಹೇಳಿದರು. ಆಮೇಲೆ ಆ ಸಾಲನ್ನು ಇನ್ನೊಂದು ಸಲ ಹೇಳು ಎಂದರು. ಹೇಳಿದೆ.

ಈ ಅಕ್ಟೋಬರ್‌ಗೆ ಸಾಯ್ಬಿಣ್ ನಮ್ಮ ಮನೆಗೆ ಬರುವ ದಿನ ನಿಗದಿಯಾಗಿದೆ, ಒಂದು ಮಂಗಳವಾರ. ಐದರಲ್ಲಿ ಒಂದು ರಹಸ್ಯ ಕನ್ನಡದಲ್ಲಿ ಆಗಲಿ ಎಂದು ವಾಡೊದ ಹಿರಿಯರನ್ನು ಕೇಳಿದೆ. ಖುಷಿಯಿಂದ ಒಪ್ಪಿದರು. ನಾಲ್ಕನೆಯದನ್ನು ಆರಿಸಿಕೊಂಡಿದ್ದೇವೆ, ಸೀಮೋನ ಬರುವ ರಹಸ್ಯ. ಅತ್ತೆ ಮುಂದೆ ಹೇಳುತ್ತಾರೆ. ರಹಸ್ಯದ ಹೆಸರು ಹೇಳಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಬಾರದು ಎಂದು ಮಗಳು ಕೊಂಕಣಿಯಲ್ಲಿ ಎಲ್ಲರಿಗೂ ತಿಳಿಸುತ್ತಾಳೆ. ಪಕ್ಕದ ಮನೆಯವರನ್ನೂ ಕರೆದಿದ್ದೇನೆ. ಕಡಲೆ ಬೇಯಿಸುವ ದೊಡ್ಡ ಪಾತ್ರೆ ಅವರೇ ಕೊಡುತ್ತಾರೆ.